ಗಿಫ್ಟ್ ನಿಫ್ಟಿ 90 ಪಾಯಿಂಟ್ ಮೇಲೆ, ಮಾರ್ಕೆಟ್ ಮಾತ್ರ ಕೆಳಗೆ: ಇದು ಹೇಗೆ?

ಪ್ರಶ್ನೆ: ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಿಫ್ಟಿ ಇಂಡೆಕ್ಸ್ ಫಂಡ್‌ನಲ್ಲಿ ತಿಂಗಳಿಗೆ 12,000 ರೂಪಾಯಿ ಎಸ್‌ಐಪಿ ಇದೆ. ಈವರೆಗೆ ಸುಮಾರು 9 ಲಕ್ಷ ಆಗಿದೆ. ಬೆಳಿಗ್ಗೆ ಮೆಟ್ರೊದಲ್ಲಿ ಕೂತು ಗಿಫ್ಟ್ ನಿಫ್ಟಿ ನೋಡುವುದು ಅಭ್ಯಾಸ. ಮೊನ್ನೆ ಅದು ಹಿಂದಿನ ದಿನದ ನಿಫ್ಟಿಗಿಂತ 90 ಪಾಯಿಂಟ್ ಮೇಲಿತ್ತು. ಒಂಬತ್ತೂಕಾಲಿಗೆ ಮಾರ್ಕೆಟ್ ತೆರೆದಾಗ ನೋಡಿದರೆ ಕೆಳಗೆ! ಹೀಗೇಕೆ? ಇದನ್ನು ನೋಡಿಕೊಂಡು ಎಸ್‌ಐಪಿ ಹೆಚ್ಚು ಕಡಿಮೆ ಮಾಡಬಹುದೇ? ವಿದೇಶಿ ಹೂಡಿಕೆದಾರರು ಫ್ಯೂಚರ್ಸ್‌ನಲ್ಲಿ ಶಾರ್ಟ್ ಇದ್ದಾರೆ (ಅಂದರೆ ಮಾರಿಟ್ಟಿದ್ದಾರೆ) ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಮೆಸೇಜ್‌ಗಳಿಗೆ ಹೆದರಬೇಕೇ? ಮುಂದಿನ ವರ್ಷ ಫ್ಲ್ಯಾಟ್‌ಗೆ ಮುಂಗಡ ಕೊಡಲು ಈ ದುಡ್ಡು ಬೇಕು. ಅದು ಕರಗದಂತೆ ಒಂದು ಲಾಟ್ ನಿಫ್ಟಿ ಫ್ಯೂಚರ್ಸ್ ಮಾರಿ ಇಟ್ಟುಕೊಳ್ಳಿ ಎಂದು ಸಹೋದ್ಯೋಗಿ ಹೇಳುತ್ತಾರೆ. ಸರಿಯೇ?
— ಓದುಗರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ನಿಮ್ಮ 90 ಪಾಯಿಂಟ್‌ನಿಂದಲೇ ಶುರು ಮಾಡೋಣ. ಅದು ಅರ್ಥವಾದರೆ ಉಳಿದ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ನೀವು ಅಕೌಂಟ್ಸ್‌ನವರು. ನಿಮ್ಮ ಕಾರ್ಖಾನೆಗೆ ಸ್ಟೀಲ್ ಶೀಟ್ ಕೊಡುವವರು ಎರಡು ರೇಟ್ ಹೇಳುತ್ತಾರೆ ಅಲ್ವಾ? ಕೈಮೇಲೆ ದುಡ್ಡು ಕೊಟ್ಟರೆ ಒಂದು, 30 ದಿನದ ಕ್ರೆಡಿಟ್ ಬೇಕೆಂದರೆ ಇನ್ನೊಂದು. ಕ್ರೆಡಿಟ್ ರೇಟ್ ಜಾಸ್ತಿ ಇದೆ ಎಂದ ಮಾತ್ರಕ್ಕೆ ಮುಂದಿನ ತಿಂಗಳು ಸ್ಟೀಲ್ ದುಬಾರಿ ಆಗುತ್ತದೆ ಎಂದು ನೀವು ಯಾರೂ ಲೆಕ್ಕ ಹಾಕುವುದಿಲ್ಲ. ಅದು 30 ದಿನದ ಬಡ್ಡಿ, ಅಷ್ಟೇ. ನಿಫ್ಟಿ ಫ್ಯೂಚರ್ಸ್ ಎಂದರೆ ಬೆಲೆಯನ್ನು ಇಂದೇ ಒಪ್ಪಿ, ಲೆಕ್ಕವನ್ನು ಮುಂದೊಂದು ದಿನ ತೀರಿಸುವ ಒಪ್ಪಂದ. ಗಿಫ್ಟ್ ನಿಫ್ಟಿಯೂ ಅಂಥದ್ದೇ ಒಂದು ಫ್ಯೂಚರ್ಸ್. ಅದರ ಬೆಲೆಯೂ ಕ್ರೆಡಿಟ್ ರೇಟೇ. ಟಿವಿಯಲ್ಲಿ ಕಾಣುವ ನಿಫ್ಟಿ, ಅಂದರೆ ಸ್ಪಾಟ್, ಕ್ಯಾಶ್ ರೇಟ್.

ಈಗ ಲೆಕ್ಕ. ಸುಲಭಕ್ಕೆ ನಿನ್ನೆ ನಿಫ್ಟಿ 25,000ಕ್ಕೆ ಮುಗಿಯಿತು ಎಂದಿಟ್ಟುಕೊಳ್ಳಿ. ಫ್ಯೂಚರ್ಸ್ ಎಕ್ಸ್‌ಪೈರಿಗೆ, ಅಂದರೆ ಒಪ್ಪಂದ ಮುಗಿಯುವ ದಿನಕ್ಕೆ, ಇನ್ನು 30 ದಿನ ಇದೆ. ವರ್ಷಕ್ಕೆ ಬಡ್ಡಿ ಶೇ 6.5. ನಿಫ್ಟಿಯೊಳಗಿನ 50 ಶೇರುಗಳನ್ನು ನಿಜವಾಗಿ ಕೊಂಡಿದ್ದರೆ ವರ್ಷಕ್ಕೆ ಶೇ 1.3ರಷ್ಟು ಡಿವಿಡೆಂಡ್ ಬರುತ್ತಿತ್ತು ಎಂದುಕೊಳ್ಳಿ. ಫ್ಯೂಚರ್ಸ್ ಕೊಂಡವರಿಗೆ ಡಿವಿಡೆಂಡ್ ಇಲ್ಲ, ಹಾಗಾಗಿ ಅದನ್ನು ಕಳೆಯಬೇಕು. ಉಳಿದದ್ದು ಶೇ 5.2. 25,000ಕ್ಕೆ ವರ್ಷಕ್ಕೆ 1,300 ಪಾಯಿಂಟ್, 30 ದಿನಕ್ಕೆ ಸುಮಾರು 107. ಅಂದರೆ ಏನೂ ಸುದ್ದಿ ಇಲ್ಲದ, ಯಾರಿಗೂ ಯಾವ ನಿರೀಕ್ಷೆಯೂ ಇಲ್ಲದ ದಿನವೂ ಫ್ಯೂಚರ್ಸ್ 25,107ರ ಹತ್ತಿರ ಇರಬೇಕು. ಬೆಳಿಗ್ಗೆ ನಿಮ್ಮ ಮೊಬೈಲ್‌ನಲ್ಲಿ ಗಿಫ್ಟ್ ನಿಫ್ಟಿ 25,090 ಎಂದು ಕಂಡಿತು. ನೀವು ಅದನ್ನು 25,000ಕ್ಕೆ ಹೋಲಿಸಿ 90 ಮೇಲೆ ಎಂದಿರಿ. ಹೋಲಿಸಬೇಕಾದದ್ದು 25,107ಕ್ಕೆ. ಅದು 17 ಪಾಯಿಂಟ್ ಕೆಳಗಿತ್ತು! ಮಾರ್ಕೆಟ್ ಕೆಳಗೆ ತೆರೆದದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಗಿಫ್ಟ್ ನಿಫ್ಟಿ ಸರಿಯಾಗಿಯೇ ಹೇಳಿತ್ತು.

ಈ ಅಂತರ ದಿನ ಕಳೆದಂತೆ ಸವೆಯುತ್ತದೆ. ಎಕ್ಸ್‌ಪೈರಿಗೆ ಏಳು ದಿನ ಇರುವಾಗ ಇದೇ ಲೆಕ್ಕದಲ್ಲಿ 25 ಪಾಯಿಂಟ್. ಕೊನೆಯ ದಿನ ಸೊನ್ನೆ, ಏಕೆಂದರೆ ಫ್ಯೂಚರ್ಸ್‌ನ ಕೊನೆಯ ಸೆಟಲ್‌ಮೆಂಟ್ ನಡೆಯುವುದೇ ಸ್ಪಾಟ್ ನಿಫ್ಟಿಯ ಮುಕ್ತಾಯದ ಬೆಲೆಗೆ. ತಿಂಗಳ ಕೊನೆಯ ಮಂಗಳವಾರ ಎಕ್ಸ್‌ಪೈರಿ. 2025ರ ಸೆಪ್ಟೆಂಬರ್‌ಗೆ ಮುಂಚೆ ಗುರುವಾರ ಇತ್ತು. ಅದರ ಆಸುಪಾಸಿನಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಕೆಲವು ಆ್ಯಪ್‌ಗಳು ಹಳೆಯ ತಿಂಗಳಿನಿಂದ ಮುಂದಿನ ತಿಂಗಳ ಕಾಂಟ್ರ್ಯಾಕ್ಟ್‌ಗೆ ಹಾರುತ್ತವೆ. ಹೊಸದಕ್ಕೆ ಇಡೀ ತಿಂಗಳ ಬಡ್ಡಿ ಸೇರಿರುತ್ತದಲ್ಲ, ಒಮ್ಮೆಲೇ ನೂರು ಪಾಯಿಂಟ್ ಜಿಗಿದಂತೆ ಕಾಣುತ್ತದೆ. ಜಗತ್ತಿನಲ್ಲಿ ಏನೂ ಆಗಿರುವುದಿಲ್ಲ. ಗ್ರೂಪುಗಳಲ್ಲಿ ಮಾತ್ರ ‘ದೊಡ್ಡ ಗ್ಯಾಪ್ ಅಪ್’ (ಮಾರ್ಕೆಟ್ ತುಂಬಾ ಮೇಲೆ ತೆರೆಯುತ್ತದೆ) ಎಂದು ಬೆಳಿಗ್ಗೆ ಏಳಕ್ಕೇ ಸಂಭ್ರಮ.

ಹಾಗಾಗಿ ನೋಡಲೇಬೇಕು ಎಂದಿದ್ದರೆ ಒಂದೇ ಒಂದು ರೀತಿ ಇದೆ. ನಿನ್ನೆ ಮಧ್ಯಾಹ್ನ ಮೂರೂವರೆಗೆ ಗಿಫ್ಟ್ ನಿಫ್ಟಿ ಎಲ್ಲಿತ್ತು, ಈಗ ಎಲ್ಲಿದೆ, ಅದೇ ತಿಂಗಳ ಕಾಂಟ್ರ್ಯಾಕ್ಟ್‌ನಲ್ಲಿ. ಆ ವ್ಯತ್ಯಾಸವೇ ರಾತ್ರಿಯ ಸುದ್ದಿ.

ರಾತ್ರಿಯ ಸುದ್ದಿ ಅದಕ್ಕೆ ಗೊತ್ತಾಗುವುದು ಹೇಗೆ? ಅದು ಎಚ್ಚರ ಇರುತ್ತದೆ, ನಮ್ಮ ಮಾರ್ಕೆಟ್ ಮಲಗಿರುತ್ತದೆ. ಗಿಫ್ಟ್ ನಿಫ್ಟಿ ನಡೆಯುವುದು ಗುಜರಾತಿನ ಗಿಫ್ಟ್ ಸಿಟಿಯಲ್ಲಿ, ಡಾಲರ್ ಲೆಕ್ಕದಲ್ಲಿ. ಬೆಳಿಗ್ಗೆ 6.30ರಿಂದ ಮಧ್ಯಾಹ್ನ 3.40, ಆಮೇಲೆ ಸಂಜೆ 4.35ರಿಂದ ನಡುರಾತ್ರಿ ದಾಟಿ 2.45ರವರೆಗೆ. ಮುಂಚೆ ಇದು ಸಿಂಗಪುರದಲ್ಲಿತ್ತು, ಎಸ್‌ಜಿಎಕ್ಸ್ ನಿಫ್ಟಿ ಎನ್ನುತ್ತಿದ್ದರು. 2023ರ ಜುಲೈ 3ರಿಂದ ಇಲ್ಲಿಗೆ ಬಂತು. ಅಮೆರಿಕದ ಮಾರ್ಕೆಟ್ ನಮ್ಮ ನಡುರಾತ್ರಿಯಲ್ಲಿ ನಡೆಯುತ್ತದೆ. ಇನ್ಫೊಸಿಸ್ ಶೇರಿನ ಎಡಿಆರ್, ಅಂದರೆ ಆ ಶೇರಿನ ಅಮೆರಿಕದ ರೂಪ, ನ್ಯೂಯಾರ್ಕ್‌ನಲ್ಲಿ ಇದೆ. ಅದು ರಾತ್ರಿ ಬಿದ್ದರೆ, ಬೆಳಿಗ್ಗೆ ನಮ್ಮ ಇನ್ಫೊಸಿಸ್ ಶೇರಿಗೂ ಪೆಟ್ಟು ಬೀಳಬಹುದು, ಅದು ನಿಫ್ಟಿಯಲ್ಲಿ ದೊಡ್ಡ ಪಾಲುದಾರ ಬೇರೆ. ಗಿಫ್ಟ್ ನಿಫ್ಟಿಯಲ್ಲಿ ವ್ಯಾಪಾರ ಮಾಡುವವರು ಅದನ್ನು ಆಗಲೇ ಲೆಕ್ಕಕ್ಕೆ ತಗೊಂಡಿರುತ್ತಾರೆ. ಎಲೆಕ್ಟ್ರಾನಿಕ್ಸ್ ಸಿಟಿಯ ಕಂಪನಿಯ ಬೆಲೆ ನ್ಯೂಯಾರ್ಕ್‌ನಲ್ಲಿ ಅಲ್ಲಾಡಿ, ಗುಜರಾತ್ ಮೂಲಕ ಮಲ್ಲೇಶ್ವರದ ಮೆಟ್ರೊದಲ್ಲಿ ಕೂತ ನಿಮಗೆ ತಲುಪುತ್ತದೆ. (ನಮ್ಮೂರಿಗೂ ಒಂದು ಸ್ಟಾಕ್ ಎಕ್ಸ್‌ಚೇಂಜ್ ಇತ್ತು, 1963ರಲ್ಲಿ ಶುರುವಾದದ್ದು, ಜೆ.ಸಿ. ರೋಡಿನಲ್ಲಿ. 2014ರ ಕೊನೆಗೆ ಬಾಗಿಲು ಹಾಕಿತು. ಈಗ ದೇಶದ ದೊಡ್ಡ ದೊಡ್ಡ ಬ್ರೋಕಿಂಗ್ ಆ್ಯಪ್‌ಗಳು ಇದೇ ಊರಿನವು. ಎಕ್ಸ್‌ಚೇಂಜ್ ಹೋದರೂ ವ್ಯಾಪಾರ ಊರು ಬಿಡಲಿಲ್ಲ.)

ಅಂದಹಾಗೆ, ನಮ್ಮಂಥ ಇಲ್ಲಿನ ಸಣ್ಣ ಹೂಡಿಕೆದಾರರು ಗಿಫ್ಟ್ ನಿಫ್ಟಿಯಲ್ಲಿ ವ್ಯಾಪಾರ ಮಾಡುವಂತಿಲ್ಲ, ನೋಡಬಹುದಷ್ಟೇ. ನಿಮ್ಮ ಸಹೋದ್ಯೋಗಿ ಹೇಳುತ್ತಿರುವುದು ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್, ಅಂದರೆ ಎನ್‌ಎಸ್‌ಇಯ ನಿಫ್ಟಿ ಫ್ಯೂಚರ್ಸ್. ಅದು ಶುರುವಾದದ್ದು 2000ದ ಜೂನ್‌ನಲ್ಲಿ.

ಸರಿ, ಗಿಫ್ಟ್ ನಿಫ್ಟಿಯನ್ನು ಸರಿಯಾಗಿ ಓದಿದೆವು ಎಂದುಕೊಳ್ಳಿ. ಅದು ಎಷ್ಟು ದೂರದವರೆಗೆ ನಿಜ? ನನ್ನ ಅಭಿಪ್ರಾಯ ಇಷ್ಟೇ: ಒಂಬತ್ತೂಕಾಲರವರೆಗೆ. ಮಾರ್ಕೆಟ್ ಎಲ್ಲಿ ತೆರೆಯುತ್ತದೆ ಎಂದು ಅದು ಸಾಕಷ್ಟು ಚೆನ್ನಾಗಿ ಹೇಳುತ್ತದೆ. ಎಲ್ಲಿ ಮುಗಿಯುತ್ತದೆ ಎಂದು ಹೇಳುವುದಿಲ್ಲ.

ಒಂದು ದಿನವನ್ನು ಹತ್ತಿರದಿಂದ ನೋಡಿ. 2016ರ ನವೆಂಬರ್ 9, ಬುಧವಾರ. ಹಿಂದಿನ ರಾತ್ರಿ ಎಂಟು ಗಂಟೆಗೆ 500, 1,000ದ ನೋಟು ರದ್ದು. ಬೆಳಿಗ್ಗೆ ಬ್ಯಾಂಕ್ ಬಂದ್, ಎಟಿಎಂ ಬಂದ್. ಅದೇ ಹೊತ್ತಿಗೆ ಅಮೆರಿಕದ ಚುನಾವಣೆಯ ಎಣಿಕೆ. ಟ್ರಂಪ್ ಗೆಲ್ಲುತ್ತಾರೆ ಎಂದು ಹೆಚ್ಚಿನವರು ಎಣಿಸಿರಲಿಲ್ಲ, ಆದರೆ ಎಣಿಕೆ ಆ ಕಡೆಗೇ ವಾಲುತ್ತಿತ್ತು. ಅಮೆರಿಕದ ಎಸ್ ಆ್ಯಂಡ್ ಪಿ 500 ಫ್ಯೂಚರ್ಸ್ ಶೇ 5 ಬಿದ್ದು, ಅಲ್ಲಿಂದ ಕೆಳಗೆ ಹೋಗುವಂತಿಲ್ಲ ಎಂಬ ಮಿತಿಗೆ ಬಂದು ನಿಂತಿತು. ಇಲ್ಲಿ ತೆರೆಯುವ ಹೊತ್ತಿಗೆ ಭಯ ಕಟ್ಟೆಯೊಡೆದಿತ್ತು. ಸೆನ್ಸೆಕ್ಸ್ ಒಂದು ಹಂತದಲ್ಲಿ 1,689 ಪಾಯಿಂಟ್ ಕೆಳಗೆ, ಅಂದರೆ ಸುಮಾರು ಶೇ 6. ಆ ಗಳಿಗೆಯಲ್ಲಿ ಮಾರಿದವರಿಗೆ ಫ್ಯೂಚರ್ಸ್‌ನ ಸಂಕೇತ ನೂರಕ್ಕೆ ನೂರು ಸರಿ ಎನಿಸಿರಬೇಕು. ಸಂಜೆ ಮುಗಿದಾಗ ಸೆನ್ಸೆಕ್ಸ್ ಕಳೆದುಕೊಂಡದ್ದು ಬರೀ 339 ಪಾಯಿಂಟ್. ಆ ರಾತ್ರಿ ಅಮೆರಿಕದ ಮಾರ್ಕೆಟ್ ತೆರೆಯಿತು. ಶೇ 5 ಬೀಳುತ್ತದೆ ಎಂದಿದ್ದ ಎಸ್ ಆ್ಯಂಡ್ ಪಿ ಶೇ 1ಕ್ಕೂ ಹೆಚ್ಚು ಏರಿ ಮುಗಿಯಿತು.

ಉಲ್ಟಾ ಹೊಡೆದದ್ದೂ ಉಂಟು. 2024ರ ಜೂನ್ 3ರಂದು ಎಕ್ಸಿಟ್ ಪೋಲ್ ಖುಷಿಯಲ್ಲಿ ನಿಫ್ಟಿ ಶೇ 3ಕ್ಕೂ ಹೆಚ್ಚು ಏರಿತು. ಮರುದಿನ ಲೋಕಸಭಾ ಮತ ಎಣಿಕೆ. ಆ ರಾತ್ರಿಯ ಗಿಫ್ಟ್ ನಿಫ್ಟಿಯಲ್ಲಿ ಕುಸಿತದ ಸುಳಿವೇ ಇರಲಿಲ್ಲ. ಜೂನ್ 4ರಂದು ನಿಫ್ಟಿ ಶೇ 5.9 ಕುಸಿಯಿತು. ಅದು ಫ್ಯೂಚರ್ಸ್‌ನ ತಪ್ಪಲ್ಲ. ಮತಪೆಟ್ಟಿಗೆಯೊಳಗೆ ಏನಿದೆ ಎಂದು ಅದಕ್ಕಾದರೂ ಹೇಗೆ ಗೊತ್ತಾಗಬೇಕು?

ಈಗ ನಿಮ್ಮ ಎಸ್‌ಐಪಿ. ಇಲ್ಲಿ ತುಂಬಾ ಜನ ಗಮನಿಸದ ಒಂದು ಸಂಗತಿ ಇದೆ. ಮ್ಯೂಚುವಲ್ ಫಂಡ್ ಯೂನಿಟ್ ನಿಮಗೆ ಸಿಗುವುದು ದಿನದ ಎನ್‌ಎವಿಗೆ, ಅಂದರೆ ಒಂದು ಯೂನಿಟ್‌ನ ಆ ದಿನದ ಬೆಲೆಗೆ. ಆ ಎನ್‌ಎವಿ ಲೆಕ್ಕ ಹಾಕುವುದು ಮಾರ್ಕೆಟ್ ಮುಗಿದಾಗಿನ ಬೆಲೆಗಳ ಮೇಲೆ. ಮೂರು ಗಂಟೆಯೊಳಗೆ ಅರ್ಜಿಯೂ ದುಡ್ಡೂ ಫಂಡ್‌ಗೆ ತಲುಪಿದರೆ ಅದೇ ದಿನದ ಎನ್‌ಎವಿ, ಇಲ್ಲದಿದ್ದರೆ ಮುಂದಿನ ಕೆಲಸದ ದಿನದ್ದು. ಅಂದರೆ ಗಿಫ್ಟ್ ನಿಫ್ಟಿ ಹೇಳುವುದು ಒಂಬತ್ತೂಕಾಲರ ಕಥೆ, ನೀವು ಕೊಳ್ಳುವುದು ಮೂರೂವರೆಯ ಬೆಲೆಗೆ. ನವೆಂಬರ್ 9ರಂದು ‘ಶೇ 6 ಅಗ್ಗ’ ಎಂದು ಖುಷಿಪಟ್ಟು ಇಂಡೆಕ್ಸ್ ಫಂಡ್‌ಗೆ ದುಡ್ಡು ಹಾಕಿದವರಿಗೂ ಯೂನಿಟ್ ಸಿಕ್ಕಿದ್ದು ಶೇ 1.3 ಇಳಿದ ಬೆಲೆಗೇ. ಬೆಳಗಿನ ಸಂಕೇತ ನೋಡಿ ಎಸ್‌ಐಪಿ ನಿಲ್ಲಿಸುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮಾಡಬೇಡಿ. ನೇರವಾಗಿ ಶೇರು ಕೊಳ್ಳುವವರಿಗೆ ಒಂದು ಉಪಯೋಗ ಇದೆ, ಒಪ್ಪುತ್ತೇನೆ. ಗಿಫ್ಟ್ ನಿಫ್ಟಿ ತುಂಬಾ ಮೇಲೋ ಕೆಳಗೋ ಇದ್ದ ದಿನ ಮಾರ್ಕೆಟ್ ಆರ್ಡರ್ ಹಾಕದೆ, ಬೆಲೆ ನಮೂದಿಸಿ ಲಿಮಿಟ್ ಆರ್ಡರ್ ಹಾಕಬೇಕು, ಅಥವಾ ಮೊದಲ ಅರ್ಧ ಗಂಟೆ ಸುಮ್ನೆ ಕೂರಬೇಕು. ನನಗೆ ಎರಡನೆಯದೇ ಇಷ್ಟ.

ವಾಟ್ಸ್ಆ್ಯಪ್ ಮೆಸೇಜ್‌ಗಳಿಗೆ ಬರೋಣ. ಆ ಅಂಕಿಗಳು ಸುಳ್ಳಲ್ಲ. ಎನ್‌ಎಸ್‌ಇ ಪ್ರತಿದಿನ ಸಂಜೆ ಪ್ರಕಟಿಸುತ್ತದೆ: ಫ್ಯೂಚರ್ಸ್‌ನಲ್ಲಿ ವಿದೇಶಿ ಹೂಡಿಕೆದಾರರು ಎಷ್ಟು ಲಾಂಗ್ (ಕೊಂಡದ್ದು), ಎಷ್ಟು ಶಾರ್ಟ್ (ಮಾರಿದ್ದು), ದೇಶಿ ಸಂಸ್ಥೆಗಳು ಎಷ್ಟು, ಬ್ರೋಕರ್‌ಗಳ ಸ್ವಂತ ವ್ಯಾಪಾರ ಎಷ್ಟು, ನಮ್ಮಂಥ ಕ್ಲೈಂಟ್‌ಗಳು ಎಷ್ಟು. ತೊಂದರೆ ಇರುವುದು ಅದಕ್ಕೆ ಹಚ್ಚುವ ಬಣ್ಣದಲ್ಲಿ. ‘ಎಫ್‌ಐಐಗಳು (ವಿದೇಶಿ ಹೂಡಿಕೆದಾರರು) ಶೇ 90 ಶಾರ್ಟ್, ಮಾರ್ಕೆಟ್ ಕುಸಿಯಲಿದೆ’ ಎಂದು ಬರುತ್ತದಲ್ಲ, ಅದನ್ನು ಓದುವಾಗ ಮೂರು ಸಂಗತಿ ತಲೆಯಲ್ಲಿರಲಿ.

ಫ್ಯೂಚರ್ಸ್‌ನಲ್ಲಿ ಪ್ರತಿ ಶಾರ್ಟ್‌ಗೂ ಎದುರಿಗೆ ಒಬ್ಬ ಲಾಂಗ್ ಇರಲೇಬೇಕು. ಒಂದು ಗುಂಪು ಮಾರಿದ್ದರೆ ಇನ್ನೊಂದು ಗುಂಪು ಕೊಂಡಿದೆ. ಮೆಸೇಜ್‌ನಲ್ಲಿ ಅರ್ಧ ಮಾತ್ರ ಹೇಳಿರುತ್ತಾರೆ. ಮತ್ತೆ, ವಿದೇಶಿ ಫಂಡ್‌ಗಳ ಕೈಯಲ್ಲಿ ನಮ್ಮ ಶೇರುಗಳೇ ಲಕ್ಷಾಂತರ ಕೋಟಿ ರೂಪಾಯಿಯಷ್ಟಿವೆ. ಅದನ್ನೆಲ್ಲ ಮಾರದೆ, ಸ್ವಲ್ಪ ಕಾಲ ಹುಷಾರಾಗಿರೋಣ ಎನಿಸಿದಾಗ ಅವರು ಇಂಡೆಕ್ಸ್ ಫ್ಯೂಚರ್ಸ್ ಮಾರುತ್ತಾರೆ. ಕುಸಿಯುತ್ತದೆ ಎಂಬ ಪಂತ ಯಾವುದು, ಇರುವ ಶೇರಿಗೆ ಕಾವಲು ಯಾವುದು ಎಂದು ಆ ಒಂದು ಅಂಕಿಯಲ್ಲಿ ತಿಳಿಯುವುದಿಲ್ಲ. ಕೊನೆಯದು ಸ್ವಲ್ಪ ವಿಚಿತ್ರ: ಶಾರ್ಟ್ ಮಾಡಿದವರು ಎಕ್ಸ್‌ಪೈರಿಗೆ ಮುಂಚೆ ಹೊರಬರಬೇಕೆಂದರೆ ವಾಪಸ್ ಕೊಳ್ಳಬೇಕು. ಎಲ್ಲರೂ ಆಗಲೇ ಮಾರಿಬಿಟ್ಟಿದ್ದರೆ ಇನ್ನು ಮಾರುವವರು ಯಾರು? ಒಂದು ಒಳ್ಳೆಯ ಸುದ್ದಿ ಬಂದರೆ ಎಲ್ಲರೂ ಒಟ್ಟಿಗೆ ಕೊಳ್ಳಲು ಓಡುತ್ತಾರೆ. ಅದನ್ನೇ ಶಾರ್ಟ್ ಕವರಿಂಗ್ ಎನ್ನುವುದು. 2025ರ ಸೆಪ್ಟೆಂಬರ್ ಕೊನೆಗೆ ಇಂಡೆಕ್ಸ್ ಫ್ಯೂಚರ್ಸ್‌ನಲ್ಲಿ ವಿದೇಶಿಯರ ಬಹುಪಾಲು ಶಾರ್ಟೇ ಆಗಿತ್ತು. ಅಕ್ಟೋಬರ್‌ನಲ್ಲಿ ನಿಫ್ಟಿ ಶೇ 4ಕ್ಕೂ ಹೆಚ್ಚು ಏರಿತು. ಹಾಗಂತ ಶಾರ್ಟ್ ಜಾಸ್ತಿ ಇದ್ದರೆ ಮಾರ್ಕೆಟ್ ಏರುತ್ತದೆ ಎಂದು ಹೊಸ ನಿಯಮವನ್ನೂ ಮಾಡಿಕೊಳ್ಳಬೇಡಿ. ಎರಡೂ ಕಡೆ ಓದಬಹುದಾದ ಅಂಕಿ ಅದು.

ಕೆಲವೊಮ್ಮೆ ಫ್ಯೂಚರ್ಸ್ ಬೆಲೆ ಸ್ಪಾಟ್‌ಗಿಂತ ಕೆಳಗೆ ಇಳಿಯುತ್ತದೆ, ‘ಡಿಸ್ಕೌಂಟ್‌ನಲ್ಲಿದೆ’ ಎನ್ನುತ್ತಾರೆ. ಅದು ಸ್ವಲ್ಪ ಮಟ್ಟಿಗೆ ನಿಜವಾದ ಸಂಕೇತ. ಬಡ್ಡಿ ಸೇರಬೇಕಾದ ಕಡೆ ಬೆಲೆ ಇನ್ನೂ ಇಳಿದಿದೆ ಎಂದರೆ, ಮಾರುವವರ ಅವಸರ ಜಾಸ್ತಿ ಇದೆ ಎಂದು ಅರ್ಥ. 2020ರ ಮಾರ್ಚ್‌ನ ಕೋವಿಡ್ ಕುಸಿತದಲ್ಲಿ ಹೀಗಾಗಿತ್ತು. ಆದರೆ ಅಲ್ಲೂ ಒಂದು ಮುಳ್ಳು ಇದೆ: ಮೇ, ಜೂನ್ ಹೊತ್ತಿಗೆ ದೊಡ್ಡ ಕಂಪನಿಗಳು ವರ್ಷದ ಡಿವಿಡೆಂಡ್ ಕೊಡುತ್ತವೆ. ಆ ತಿಂಗಳುಗಳಲ್ಲಿ ಪ್ರೀಮಿಯಂ, ಅಂದರೆ ಫ್ಯೂಚರ್ಸ್ ಬೆಲೆ ಸ್ಪಾಟ್‌ಗಿಂತ ಮೇಲಿರುವ ಅಂತರ, ಸಹಜವಾಗಿಯೇ ಸೊರಗುತ್ತದೆ. ಅದನ್ನು ಭಯ ಎಂದು ಓದಬಾರದು.

ಇನ್ನು ನಿಮ್ಮ ಸಹೋದ್ಯೋಗಿಯ ಸಲಹೆ. ಒಂದು ಲಾಟ್ ಮಾರಿಡಿ, ಮಾರ್ಕೆಟ್ ಬಿದ್ದರೂ ಫಂಡ್‌ನ ನಷ್ಟ ಫ್ಯೂಚರ್ಸ್ ಲಾಭದಲ್ಲಿ ತುಂಬಿಹೋಗುತ್ತದೆ ಎನ್ನುವುದು ಅವರ ವಾದ. ತತ್ವ ತಪ್ಪಲ್ಲ. ದೊಡ್ಡ ಫಂಡ್‌ಗಳು ಮಾಡುವುದೂ ಅದನ್ನೇ. ನಿಮ್ಮ ಅಳತೆಗೆ ಹೊಂದುತ್ತದೆಯೇ ನೋಡೋಣ.

ಲಾಟ್ ಎಂದರೆ ಒಮ್ಮೆಗೆ ಕೊಳ್ಳಬೇಕಾದ ಅಥವಾ ಮಾರಬೇಕಾದ ಕನಿಷ್ಠ ಪ್ರಮಾಣ. ಈಗ ನಿಫ್ಟಿಯ ಒಂದು ಲಾಟ್ ಎಂದರೆ 65. ನಿಫ್ಟಿ 25,000 ಇದ್ದರೆ ಒಂದು ಲಾಟ್‌ನ ಮೌಲ್ಯ 16,25,000 ರೂಪಾಯಿ. ಕಾಂಟ್ರ್ಯಾಕ್ಟ್ ಕನಿಷ್ಠ 15 ಲಕ್ಷದ್ದಾಗಿರಬೇಕು ಎಂದು ಮಾರ್ಕೆಟ್ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ನಿಯಮ ಬಿಗಿ ಮಾಡಿತು. ನಿಮ್ಮ ಫಂಡ್‌ನಲ್ಲಿ ಇರುವುದು 9 ಲಕ್ಷ. ಒಂಬತ್ತು ಲಕ್ಷದ ಮನೆಗೆ ಹದಿನಾರು ಲಕ್ಷದ ಬೀಗ! ಉಳಿದ ಏಳೂಕಾಲು ಲಕ್ಷ ಕಾವಲಲ್ಲ, ಮಾರ್ಕೆಟ್ ಬೀಳಲಿ ಎಂದು ನೀವು ಕಟ್ಟಿದ ಶುದ್ಧ ಪಂತ. ಒಂದೆರಡು ತಿಂಗಳಲ್ಲಿ ಮಾರ್ಕೆಟ್ ಶೇ 10 ಏರಿತು ಎನ್ನಿ. ಫಂಡ್‌ನಲ್ಲಿ 90,000 ಲಾಭ, ಫ್ಯೂಚರ್ಸ್‌ನಲ್ಲಿ 1,62,500 ನಷ್ಟ. ಮಾರ್ಕೆಟ್ ಏರಿದರೂ ನಿಮಗೆ ಸುಮಾರು 72,500 ಕೈಬಿಟ್ಟಿತು. ಪ್ರೀಮಿಯಂ ರೂಪದಲ್ಲಿ ಬರುವ ಬಡ್ಡಿ ಸ್ವಲ್ಪ ತುಂಬಿಕೊಟ್ಟೀತು, ಪೂರ್ತಿ ಅಲ್ಲ.

ಅದಕ್ಕಿಂತ ದೊಡ್ಡ ತಲೆನೋವು ದುಡ್ಡಿನ ಓಡಾಟ. ಫಂಡ್‌ನ ಲಾಭ ಕಾಗದದ ಮೇಲೆ ಇರುತ್ತದೆ. ಫ್ಯೂಚರ್ಸ್‌ನ ನಷ್ಟವನ್ನು ದಿನದಿನವೂ ನಗದಾಗಿ ಕಟ್ಟಬೇಕು. ಶುರುವಿಗೆ ಮಾರ್ಜಿನ್ (ಠೇವಣಿ) ಎಂದು ಸುಮಾರು ಎರಡು ಲಕ್ಷ ಇಡಬೇಕಾಗುತ್ತದೆ, ಮಾರ್ಕೆಟ್ ಜೋರಾಗಿ ಅಲ್ಲಾಡುವ ಕಾಲದಲ್ಲಿ ಇನ್ನೂ ಜಾಸ್ತಿ. ನಿಫ್ಟಿ ಒಂದೇ ದಿನ ಶೇ 1 ಏರಿದರೆ 16,250 ರೂಪಾಯಿ ಖಾತೆಯಿಂದ ಹೋಗುತ್ತದೆ. ಅದೂ ತಿಂಗಳ ಕೊನೆಗೆ, ಸಂಬಳಕ್ಕೆ ಮುಂಚೆ ಬಂದರೆ? ಕಟ್ಟದಿದ್ದರೆ ಬ್ರೋಕರ್ ನಿಮ್ಮ ಪೊಸಿಷನ್ ಅವರೇ ಮುಚ್ಚುತ್ತಾರೆ, ಅವರಿಗೆ ಸಿಕ್ಕ ಬೆಲೆಗೆ. ಕಾವಲು ಬೇಕಾದ ದಿನ ಕಾವಲೇ ಇರುವುದಿಲ್ಲ. ಜೊತೆಗೆ ಪ್ರತಿ ತಿಂಗಳು ಎಕ್ಸ್‌ಪೈರಿಗೆ ಮುಂಚೆ ಹಳೆಯದನ್ನು ಮುಚ್ಚಿ ಹೊಸದನ್ನು ಮಾರಬೇಕು. ಪ್ರತಿ ಸಲ ಎಸ್‌ಟಿಟಿ (ವಹಿವಾಟಿನ ಮೇಲಿನ ತೆರಿಗೆ), ಬ್ರೋಕರೇಜ್, ಜಿಎಸ್‌ಟಿ. ಆದಾಯ ತೆರಿಗೆಯಲ್ಲಿ ಇದು ಬಿಸಿನೆಸ್ ಆದಾಯ, ಹಾಗಾಗಿ ಸಂಬಳದವರ ಸುಲಭದ ಫಾರಂ ಬಿಟ್ಟು ಐಟಿಆರ್-3 ತುಂಬಬೇಕು. ಅಕೌಂಟ್ಸ್‌ನವರಿಗೆ ಇದು ಕಷ್ಟವಲ್ಲ, ಆದರೆ ಯಾಕೆ ಬೇಕು?

ಇನ್ನೊಂದು ಅಂಕಿ ಹೇಳಿಬಿಡುತ್ತೇನೆ. 2024-25ರಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಫ್ಯೂಚರ್ಸ್‌ನ ಜೊತೆಗಿನ ಇನ್ನೊಂದು ಬಗೆಯ ಒಪ್ಪಂದ) ವ್ಯಾಪಾರ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ಸುಮಾರು ಶೇ 91 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಸೆಬಿಯೇ ಹೇಳಿದೆ. ಇದರಲ್ಲಿ ಆಪ್ಷನ್ಸ್‌ನವರೇ ಜಾಸ್ತಿ, ಹಾಗಾಗಿ ಇಂಡೆಕ್ಸ್ ಫ್ಯೂಚರ್ಸ್‌ಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ‘ಎರಡು ಲಕ್ಷ ಇದ್ರೆ ಸಾಕು’ ಎನ್ನುವವರ ಎದುರು ಈ ಅಂಕಿ ಇಡಬಹುದು.

ಈಗ ಆ 107 ಪಾಯಿಂಟ್‌ಗೆ ಇನ್ನೊಂದು ಸಲ ಬನ್ನಿ. ಅಷ್ಟೇ ಮೌಲ್ಯದ ಶೇರು ಕೈಯಲ್ಲಿ ಇಟ್ಟುಕೊಂಡು, ಅಷ್ಟೇ ಮೌಲ್ಯದ ಫ್ಯೂಚರ್ಸ್ ಮಾರಿದರೆ ಏನು ಉಳಿಯುತ್ತದೆ? ಮಾರ್ಕೆಟ್ ಏರಲಿ, ಇಳಿಯಲಿ, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಕೈಗೆ ಬರುವುದು ಆ ಪ್ರೀಮಿಯಂ ಮತ್ತು ಡಿವಿಡೆಂಡ್, ಅಂದರೆ ಬಡ್ಡಿ. ಆರ್ಬಿಟ್ರೇಜ್ ಫಂಡ್‌ಗಳು ಬದುಕುವುದೇ ಈ ಲೆಕ್ಕದ ಮೇಲೆ. ಅವುಗಳ ಗಳಿಕೆ ಹೆಚ್ಚುಕಡಿಮೆ ಲಿಕ್ವಿಡ್ ಫಂಡ್ (ಅಲ್ಪಾವಧಿ ಸಾಲಪತ್ರಗಳಲ್ಲಿ ದುಡ್ಡಿಡುವ ಫಂಡ್)ನಷ್ಟೇ ಇರುವುದು ಅದಕ್ಕೇ. ಹಾಗಾದರೆ ನಿಮ್ಮ 9 ಲಕ್ಷಕ್ಕೆ ಸರಿಯಾಗಿ ಹೊಂದುವ ಕಾವಲು ಸಿಕ್ಕಿದ್ದರೂ, ಕೊನೆಗೆ ನೀವು ಗಳಿಸುತ್ತಿದ್ದದ್ದು ಎಫ್‌ಡಿ ಬಡ್ಡಿಯಷ್ಟನ್ನೇ. ಅದಕ್ಕೆ ಇಷ್ಟು ಸುತ್ತಾಟ ಏಕೆ? ನೇರವಾಗಿ ಎಫ್‌ಡಿಗೇ ಹೋಗಬಹುದಲ್ಲ.

ನಾನು ಹೇಳುವುದು ಹೀಗೆ. ಫ್ಲ್ಯಾಟ್ ಮುಂಗಡ ಒಂದು ವರ್ಷದೊಳಗೆ ಕೊಡುವುದು ಖಚಿತವಾಗಿದ್ದರೆ, ಆ ದುಡ್ಡು ಈಗಲೇ ಶೇರು ಮಾರ್ಕೆಟ್‌ನಲ್ಲಿ ಇರಬಾರದು. ಮುಂಗಡಕ್ಕೆ 6 ಲಕ್ಷ ಬೇಕು ಎಂದರೆ ಅಷ್ಟನ್ನು ಮಾತ್ರ ತೆಗೆಯಿರಿ, ಪೂರ್ತಿ 9 ಅಲ್ಲ. ಅದನ್ನು ಲಿಕ್ವಿಡ್ ಫಂಡ್ ಅಥವಾ ಎಫ್‌ಡಿಗೆ ಸರಿಸಿ. ತೆಗೆಯುವಾಗ ತೆರಿಗೆ ನೋಡಿಕೊಳ್ಳಿ: ಒಂದು ವರ್ಷ ದಾಟಿದ ಯೂನಿಟ್‌ಗಳ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಎಸ್‌ಐಪಿಯಲ್ಲಿ ಮೊದಲು ಕೊಂಡ ಯೂನಿಟ್ ಮೊದಲು ಹೋಗುತ್ತದೆ, ಹಾಗಾಗಿ ನೀವು ಮಾರುವುದು ಹಳೆಯವನ್ನೇ. ಅರ್ಧವನ್ನು ಮಾರ್ಚ್ 31ರೊಳಗೆ, ಇನ್ನರ್ಧವನ್ನು ಏಪ್ರಿಲ್ ಬಂದ ಮೇಲೆ ತೆಗೆದರೆ ಎರಡು ವರ್ಷದ ವಿನಾಯಿತಿ ಸಿಗುತ್ತದೆ. 12,000ದ ಎಸ್‌ಐಪಿ ಹಾಗೆಯೇ ನಡೆಯಲಿ, ಅದು ಫ್ಲ್ಯಾಟ್‌ನ ದುಡ್ಡಲ್ಲ.